ಪುಟ್ಟನನ್ನು ಇಲ್ಲಿಗೆ ಕಳಿಸುವ ಮೊದಲು

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಪುಟ್ಟನನ್ನೂ ನಾನು ಐ.ಬಿ. ಡಿಪ್ಲೊಮಾ ಓದಿದ ಈ ಶಾಲೆಗೇ ಸೇರಿಸುವ ಯೋಚನೆ ಇದೆ, ಓದು ಹೇಗಿರುತ್ತದೆ ಎಂದು ವಿವರವಾಗಿ ಬರೆ ಎಂದಿದ್ದಿರಿ. ಪರೀಕ್ಷೆಗಳೆಲ್ಲ ಮುಗಿದಿವೆ. ಹಾಸ್ಟೆಲ್ ಖಾಲಿ ಮಾಡುವ ಮುಂಚೆ ನಮ್ಮ ಬ್ಯಾಚಿನವರು ಈ ಎರಡು ವರ್ಷದ ಬಗ್ಗೆಯೇ ಮಾತಾಡುತ್ತಿದ್ದೇವೆ. ಬೇರೆ ಬೇರೆ ದೇಶದವರು, ಬೇರೆ ಬೇರೆ ವಿಷಯ ಓದಿದವರು. ಆದರೂ ಎಲ್ಲರೂ ಹೇಳುವ ಮಾತು ಒಂದೇ: ಇಲ್ಲಿ ಮೊದಲ ವರ್ಷ ಹಿಡಿತ ತಪ್ಪಿದರೆ ಕೊನೆಯ ಪರೀಕ್ಷೆಗೆ ಎಷ್ಟು ಓದಿದರೂ ಸರಿಹೋಗುವುದಿಲ್ಲ. ಪಿಯುಸಿಯಲ್ಲಿ ಮೊದಲ ವರ್ಷ ಸ್ವಲ್ಪ ಸಡಿಲ ಬಿಟ್ಟು ಎರಡನೇ ವರ್ಷ ಗಟ್ಟಿಯಾಗಿ ಕೂರುವವರಿದ್ದಾರಲ್ಲ, ಆ ಲೆಕ್ಕ ಇಲ್ಲಿ ನಡೆಯದು. ನೀವೂ ಪುಟ್ಟನೂ ಇದನ್ನು ಮೊದಲೇ ತಿಳಿದಿರಬೇಕು ಅಂತಲೇ ಇಷ್ಟು ಉದ್ದದ ಪತ್ರ.

ಇಲ್ಲಿರುವುದು ಐ.ಬಿ., ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಸಂಸ್ಥೆಯ ಡಿಪ್ಲೊಮಾ. ಆ ಸಂಸ್ಥೆ 1968ರಲ್ಲಿ ಜಿನೀವಾದಲ್ಲಿ ಶುರುವಾದದ್ದು. ನಮ್ಮ 11, 12ನೇ ತರಗತಿಗೆ ಸಮನಾದ ಎರಡು ವರ್ಷದ ಓದು. ಆರು ವಿಷಯ ತೆಗೆದುಕೊಳ್ಳಬೇಕು: ಒಂದು ಮುಖ್ಯ ಭಾಷೆ ಮತ್ತು ಅದರ ಸಾಹಿತ್ಯ, ಇನ್ನೊಂದು ಭಾಷೆ, ಒಂದು ಸಮಾಜ ವಿಷಯ, ಒಂದು ವಿಜ್ಞಾನ, ಗಣಿತ, ಆರನೆಯದು ಕಲೆ. ಕಲೆ ಬೇಡವಾದರೆ ಅದರ ಜಾಗದಲ್ಲಿ ಇನ್ನೊಂದು ವಿಜ್ಞಾನವನ್ನೋ ಸಮಾಜ ವಿಷಯವನ್ನೋ ಭಾಷೆಯನ್ನೋ ಹಾಕಿಕೊಳ್ಳಬಹುದು. ಆರರಲ್ಲಿ ಮೂರು ಹೈಯರ್ ಲೆವೆಲ್, ಉಳಿದ ಮೂರು ಸ್ಟ್ಯಾಂಡರ್ಡ್ ಲೆವೆಲ್. ಹೈಯರ್‌ಗೆ 240 ಗಂಟೆ ಪಾಠ, ಸ್ಟ್ಯಾಂಡರ್ಡ್‌ಗೆ 150. ಒಂದೊಂದು ವಿಷಯಕ್ಕೆ 1ರಿಂದ 7ರವರೆಗೆ ಗ್ರೇಡ್, ಆರಕ್ಕೂ ಸೇರಿ ಹೆಚ್ಚೆಂದರೆ 42. ಇದರ ಜೊತೆ ಎಕ್ಸ್‌ಟೆಂಡೆಡ್ ಎಸ್ಸೆ ಎಂಬ ದೊಡ್ಡ ಪ್ರಬಂಧಕ್ಕೂ ಟಿ.ಓ.ಕೆ. (ಥಿಯರಿ ಆಫ್ ನಾಲೆಡ್ಜ್) ಎಂಬ ಪಾಠಕ್ಕೂ ಸೇರಿ 3. ಅಲ್ಲಿಗೆ 45.

ಅಪ್ಪ, ಅಂಕಪಟ್ಟಿಯಲ್ಲಿ 5 ಎಂದು ಕಂಡರೆ ಏಳರಲ್ಲಿ ಐದು, ಅಂದರೆ ನೂರಕ್ಕೆ 71 ಎಂದು ಲೆಕ್ಕ ಹಾಕಬೇಡಿ. ನೂರಕ್ಕೆ ಎಷ್ಟು ಅಂಕ ಬಂದರೆ 7, ಎಷ್ಟು ಬಂದರೆ 6 ಎಂಬ ಗಡಿ ವಿಷಯದಿಂದ ವಿಷಯಕ್ಕೆ ಬೇರೆ. ಪ್ರತಿ ಸಲ ಪರೀಕ್ಷೆ ಮುಗಿದ ಮೇಲೆ ಉತ್ತರಪತ್ರಿಕೆಗಳನ್ನು ನೋಡಿಯೇ ಅದನ್ನು ಗೊತ್ತುಮಾಡುತ್ತಾರೆ. 7 ಬರಬೇಕಾದರೆ ನೂರಕ್ಕೆ ನೂರು ತೆಗೆಯಬೇಕೆಂದೇನಿಲ್ಲ.

ಪಾಸಾಗಲು 24 ಸಾಕು ಎಂದು ಎಲ್ಲ ಕಡೆ ಹೇಳುತ್ತಾರೆ. ಅದು ಅರ್ಧ ಮಾತು. ಮೂರು ಹೈಯರ್ ವಿಷಯಗಳಲ್ಲಿ ಸೇರಿ ಕನಿಷ್ಠ 12 ಇರಬೇಕು, ಮೂರು ಸ್ಟ್ಯಾಂಡರ್ಡ್‌ಗಳಲ್ಲಿ ಸೇರಿ ಕನಿಷ್ಠ 9. ಯಾವ ವಿಷಯದಲ್ಲೂ 1 ಬರಬಾರದು. ಪ್ರಬಂಧದಲ್ಲಾಗಲಿ ಟಿ.ಓ.ಕೆ.ಯಲ್ಲಾಗಲಿ ಎಲ್ಲಕ್ಕಿಂತ ಕೆಳಗಿನ ಇ ಗ್ರೇಡ್ ಬಂದರೆ ಡಿಪ್ಲೊಮಾ ಇಲ್ಲ. ಒಬ್ಬರಿಗೆ ಹೈಯರ್‌ನಲ್ಲಿ 4, 4, 3 ಬಂದು ಸ್ಟ್ಯಾಂಡರ್ಡ್‌ನಲ್ಲಿ 5, 5, 5 ಬಂತು ಎನ್ನಿ. ಒಟ್ಟು 26 ಆಯಿತು, ಆದರೂ ಡಿಪ್ಲೊಮಾ ಸಿಗದು, ಹೈಯರ್ ಮೊತ್ತ 11ಕ್ಕೆ ನಿಂತಿತಲ್ಲ. ಅದಕ್ಕೇ ಹೈಯರ್ ವಿಷಯಗಳನ್ನು ಪ್ರತಿಷ್ಠೆಗೋಸ್ಕರ ಆರಿಸಬಾರದು. ನಾಲ್ಕು ಹೈಯರ್ ತೆಗೆದುಕೊಳ್ಳಲು ಅವಕಾಶವಿದೆ, ಆದರೆ ಅದಕ್ಕೆ ಒಂದಂಕವೂ ಹೆಚ್ಚು ಸಿಗುವುದಿಲ್ಲ. ಸೇರಲಿರುವ ಕೋರ್ಸು ಕೇಳದ ಹೊರತು ಬೇಡವೇ ಬೇಡ.

ವಿಷಯಗಳ ಆಯ್ಕೆ ಮೊದಲ ಕೆಲವೇ ವಾರಗಳಲ್ಲಿ ಗಟ್ಟಿಯಾಗಿಬಿಡುತ್ತದೆ. ಬದಲಾಯಿಸಲು ಶಾಲೆ ಒಂದು ದಿನಾಂಕ ಕೊಡುತ್ತದೆ, ಅದು ದಾಟಿದರೆ ಕಳೆದುಹೋದ ಪಾಠವನ್ನು ಮತ್ತೆ ಕೂಡಿಸಿಕೊಳ್ಳುವುದು ಬಲು ಕಷ್ಟ. ಗಣಿತದಲ್ಲಿ ಎರಡು ದಾರಿಗಳಿವೆ. ಅನಾಲಿಸಿಸ್ ಅಂಡ್ ಅಪ್ರೋಚಸ್ ಎನ್ನುವುದರಲ್ಲಿ ಮೊದಲ ಪತ್ರಿಕೆಗೆ ಕ್ಯಾಲ್ಕುಲೇಟರ್ ಇಲ್ಲ, ಬೀಜಗಣಿತ ಮತ್ತು ಕ್ಯಾಲ್ಕುಲಸ್ ಕೈಲೆಕ್ಕದಲ್ಲೇ ಬರಬೇಕು. ಅಪ್ಲಿಕೇಷನ್ಸ್ ಎನ್ನುವುದರಲ್ಲಿ ಎಲ್ಲ ಪತ್ರಿಕೆಗೂ ಕ್ಯಾಲ್ಕುಲೇಟರ್ ಇರುತ್ತದೆ, ಸಂಖ್ಯಾಶಾಸ್ತ್ರ ಜಾಸ್ತಿ. ಎಂಜಿನಿಯರಿಂಗ್ ಮನಸ್ಸಿದ್ದರೆ ಮೊದಲನೆಯದನ್ನೇ ಹೈಯರ್‌ನಲ್ಲಿ ತೆಗೆದುಕೊಳ್ಳಬೇಕು.

ಪುಟ್ಟ ಡಾಕ್ಟರಾಗಬೇಕು ಅನ್ನುತ್ತಾನಲ್ಲ, ಈ ಭಾಗವನ್ನು ನಿಧಾನವಾಗಿ ಓದಿ. ಮಾಮೂಲಿ ಆಯ್ಕೆಯಲ್ಲಿ ಎರಡು ವಿಜ್ಞಾನ ಮಾತ್ರ ಸಿಗುತ್ತವೆ, ವಿಜ್ಞಾನದ ಗುಂಪಿನಿಂದ ಒಂದು, ಕಲೆಯ ಜಾಗದಲ್ಲಿ ಇನ್ನೊಂದು. ನಮ್ಮಲ್ಲಿ ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಮೂರನೆಯದಕ್ಕಾಗಿ ಸಮಾಜ ವಿಷಯವನ್ನು ಬಿಡಲು ಶಾಲೆಯ ಮೂಲಕ ಐ.ಬಿ.ಗೆ ವಿಶೇಷ ಅರ್ಜಿ ಹಾಕಬೇಕು, ವಿಶ್ವವಿದ್ಯಾಲಯ ಈ ಮೂರನ್ನೂ ಕೇಳುತ್ತದೆ ಎಂಬ ದಾಖಲೆಯನ್ನೂ ಲಗತ್ತಿಸಬೇಕು. ಇದನ್ನು ಸೇರುವಾಗಲೇ ಮಾಡಬೇಕು. ಎರಡನೇ ವರ್ಷ ನೆನಪಾದರೆ ಪ್ರಯೋಜನವಿಲ್ಲ. ಇನ್ನೊಂದು ತೊಡಕೂ ಇದೆ: ನೀಟ್ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ ನಡೆಯುತ್ತದೆ, ಐ.ಬಿ. ಪತ್ರಿಕೆಗಳೂ ಅದೇ ಹೊತ್ತಿಗೆ. ಪಠ್ಯವೂ ಬೇರೆ, ಪ್ರಶ್ನೆ ಕೇಳುವ ರೀತಿಯೂ ಬೇರೆ. ಎರಡನ್ನೂ ಒಟ್ಟಿಗೆ ಎಳೆಯುವುದು ಮಗುವಿನ ಮೇಲೆ ಎಷ್ಟು ಭಾರ ಎಂದು ಯೋಚಿಸಿ. ಊರಲ್ಲೇ ವೈದ್ಯಕೀಯ ಓದುವುದು ಖಚಿತವಾಗಿದ್ದರೆ ಅವನು ಅಲ್ಲೇ ಪಿಯುಸಿ ಮಾಡುವುದು ಒಳ್ಳೆಯದು ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನು ದೊಡ್ಡ ಪ್ರಬಂಧ. ಮಿತಿ 4000 ಪದ, ಅದರಾಚೆ ಬರೆದದ್ದನ್ನು ಪರೀಕ್ಷಕರು ಓದುವುದೇ ಇಲ್ಲ. ಮಾರ್ಗದರ್ಶಕರು ಒಟ್ಟು ಮೂರರಿಂದ ಐದು ಗಂಟೆ ಕೊಡುತ್ತಾರೆ, ಕರಡಿನ ಮೇಲೆ ಲಿಖಿತ ಸಲಹೆ ಕೊಡುವುದು ಒಂದೇ ಸಲ. ಹಾಗಾಗಿ ಅರೆಬರೆ ಕರಡು ಕೊಟ್ಟವರಿಗೆ ಅರೆಬರೆ ಸಲಹೆಯೇ ಸಿಕ್ಕೀತು. ಪ್ರಬಂಧ ಕೆಡುವುದು ಬಹುಪಾಲು ಪ್ರಶ್ನೆಯಲ್ಲೇ. ‘ಮಣ್ಣಿನ ಮಾಲಿನ್ಯ ಸಸ್ಯಗಳ ಮೇಲೆ ಬೀರುವ ಪರಿಣಾಮ’ ಎಂದರೆ ಹತ್ತು ಪುಸ್ತಕಗಳಿಂದ ಎತ್ತಿ ಜೋಡಿಸಿದ ವರದಿಯಾಗುತ್ತದೆ. ‘ನೀರಿನಲ್ಲಿ ಉಪ್ಪು 0ಯಿಂದ 200 ಮಿಲಿಮೋಲಾರ್‌ವರೆಗೆ ಏರಿದಂತೆ ಹೆಸರುಕಾಳಿನ ಮೊಳಕೆ ಎಷ್ಟು ಕುಗ್ಗುತ್ತದೆ’ ಎಂದರೆ ಏನು ಅಳೆಯಬೇಕು, ಎಷ್ಟು ಬಟ್ಟಲು ಬೇಕು, ಎಲ್ಲಿ ನಿಲ್ಲಿಸಬೇಕು ಎಲ್ಲವೂ ಪ್ರಶ್ನೆಯೊಳಗೇ ಇದೆ. ಮೊದಲ ವರ್ಷದ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಪೂರ್ತಿ ಕರಡು ಕೈಯಲ್ಲಿರಬೇಕು. ರಜೆಗೆ ಅವನು ಊರಿಗೆ ಬಂದಾಗ ದಿನಕ್ಕೆ ಎರಡು ಗಂಟೆ ಯಾರೂ ಕರೆಯದ ಹಾಗೆ ಕೂರಲು ಬಿಡಿ ಅಮ್ಮ, ನೆಂಟರ ಮನೆಯ ಸುತ್ತಾಟ ಆಮೇಲೂ ಆದೀತು.

ಪ್ರತಿ ವಿಷಯದಲ್ಲೂ ಶಾಲೆಯೊಳಗೇ ಮಾಡುವ ಕೆಲಸವೊಂದಿರುತ್ತದೆ, ಐ.ಎ. ಅನ್ನುತ್ತೇವೆ. ಗಣಿತಕ್ಕೂ ವಿಜ್ಞಾನಕ್ಕೂ ಅದರ ಪಾಲು ನೂರಕ್ಕೆ 20. ವಿಜ್ಞಾನದಲ್ಲಿ ಸ್ವಂತ ಪ್ರಯೋಗ ಮಾಡಿ 3000 ಪದದೊಳಗೆ ಬರೆಯಬೇಕು. ಪ್ರಯೋಗ ಎಲ್ಲಿ ಹಾಳಾಗುತ್ತದೆ ಎಂಬುದಕ್ಕೆ ಬಹಳ ಮಂದಿ ಆರಿಸುವ ಒಂದನ್ನೇ ನೋಡಿ: ಕ್ಯಾಟಲೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ವೇಗದ ಮೇಲೆ ಉಷ್ಣಾಂಶದ ಪ್ರಭಾವ. ಐದು ಉಷ್ಣಾಂಶ, ಒಂದೊಂದಕ್ಕೆ ಐದು ಸಲ, ಒಟ್ಟು 25 ಸಲ ಪ್ರಯೋಗ. ಕಿಣ್ವವನ್ನೂ ಪೆರಾಕ್ಸೈಡನ್ನೂ ಬೇರೆ ಬೇರೆ ನಳಿಕೆಯಲ್ಲಿ ಬಿಸಿನೀರಿನ ತೊಟ್ಟಿಯಲ್ಲಿಟ್ಟು, ಎರಡೂ ಆ ಉಷ್ಣಾಂಶಕ್ಕೆ ಬಂದ ಮೇಲೆ ಬೆರೆಸಬೇಕು. ಒಂದನ್ನೇ ಬಿಸಿ ಮಾಡಿ ಇನ್ನೊಂದನ್ನು ಕಪಾಟಿನಿಂದ ತೆಗೆದು ಸುರಿದರೆ 40 ಡಿಗ್ರಿ ಎಂದು ಬರೆದುಕೊಂಡದ್ದು ನಿಜದಲ್ಲಿ 40 ಆಗಿರುವುದಿಲ್ಲ. ವೇಗವನ್ನು ಅಳೆಯುವುದು ಹೊರಬರುವ ಆಮ್ಲಜನಕದಿಂದ, ಬಿರಡೆ ಬಿಗಿಯಾಗಿಲ್ಲದಿದ್ದರೆ ಅದು ಸೋರಿ ವೇಗ ಕಡಿಮೆ ಕಾಣುತ್ತದೆ. ಪೆರಾಕ್ಸೈಡ್ ಇಟ್ಟಲ್ಲೇ ನಿಧಾನವಾಗಿ ಒಡೆಯುತ್ತದೆ, ಆದ್ದರಿಂದ ಇವತ್ತಿನ ದ್ರಾವಣ ಮುಂದಿನ ವಾರಕ್ಕೆ ಅಷ್ಟೇ ಗಟ್ಟಿಯಾಗಿರುವುದಿಲ್ಲ. 25 ಸಲವೂ ಒಂದೇ ದಿನ ಮುಗಿಯದಿದ್ದರೆ ಒಂದು ದಿನ 20, 30, ಮರುದಿನ 40, 50 ಎಂದು ಹಂಚಬಾರದು. ಪ್ರತಿ ದಿನವೂ ಎಲ್ಲ ಉಷ್ಣಾಂಶದ ಒಂದೊಂದು ಸುತ್ತು ಮುಗಿಸಬೇಕು, ಆಗ ದಿನದ ವ್ಯತ್ಯಾಸ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಇಂಥ ಎಚ್ಚರವನ್ನು ವರದಿಯಲ್ಲಿ ಕಾರಣ ಸಮೇತ ಬರೆದವರಿಗೆ ಅಂಕ ಬರುತ್ತದೆ. ‘ಮಾನವ ದೋಷ’ ಎಂದಷ್ಟೇ ಬರೆದರೆ ಏನೂ ಬಾರದು.

ಟಿ.ಓ.ಕೆ. ಎಂದರೆ ನಮಗೆ ಒಂದು ವಿಷಯ ಗೊತ್ತು ಎಂದು ಹೇಗೆ ಗೊತ್ತು ಎಂದು ಕೇಳುವ ಪಾಠ. 1600 ಪದದ ಒಂದು ಪ್ರಬಂಧ, ಮೂರು ವಸ್ತುಗಳನ್ನಿಟ್ಟು 950 ಪದದಲ್ಲಿ ವಿವರಿಸುವ ಒಂದು ಪ್ರದರ್ಶನ. ವಸ್ತು ಎಂದರೆ ಇಂಟರ್ನೆಟ್ಟಿನಿಂದ ತೆಗೆದ ಯಾವುದೋ ಭೂಪಟ ಆಗದು, ಇಂಥ ಕಡೆ, ಇಂಥ ಕಾಲದಲ್ಲಿ, ಇಂಥವರು ಬಳಸಿದ ಇದೇ ಭೂಪಟ ಎಂದಿರಬೇಕು. ಮೊದಮೊದಲು ಇದು ಯಾಕೆ ಅನ್ನಿಸುತ್ತದೆ. ಹೊರಡುವ ಹೊತ್ತಿನಲ್ಲಿ ಮಾತ್ರ ನಮ್ಮಲ್ಲಿ ಹೆಚ್ಚಿನವರು ಉಪಯೋಗಕ್ಕೆ ಬಂದದ್ದು ಎಂದು ಹೆಸರಿಸುವುದು ಇದನ್ನೇ. ಒಂದು ಮಾತು ಕಿವಿಗೆ ಬಿದ್ದರೆ ಯಾರು ಹೇಳಿದ್ದು, ಯಾವ ಆಧಾರದ ಮೇಲೆ ಎಂದು ಕೇಳುವುದು ಈಗ ಅಭ್ಯಾಸವೇ ಆಗಿಹೋಗಿದೆ. ನನಗಂತೂ ಈ ಶಾಲೆ ಕೊಟ್ಟದ್ದರಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಕ್ಯಾಸ್ ಎಂಬುದಕ್ಕೆ ಅಂಕವಿಲ್ಲ, ಆದರೆ ಮುಗಿಸದಿದ್ದರೆ ಡಿಪ್ಲೊಮಾನೂ ಇಲ್ಲ. ಸೃಜನಶೀಲ ಕೆಲಸ, ಆಟೋಟ, ಸೇವೆ ಮೂರೂ ಸೇರಿ 18 ತಿಂಗಳು ನಡೆಯಬೇಕು, ಅದರಲ್ಲಿ ಕನಿಷ್ಠ ಒಂದು ತಿಂಗಳ ಒಂದು ಯೋಜನೆ. ಕೆಲಸ ಯಾರೂ ಬಿಡುವುದಿಲ್ಲ, ಬರೆದಿಡುವುದನ್ನು ಬಿಡುತ್ತಾರೆ. ಅದೇ ದಿನ ಒಂದು ಫೋಟೊ, ನಾಲ್ಕು ಸಾಲು ಹಾಕಿಟ್ಟರೆ ಸಾಕು.

ಈಗ ಮೊದಲ ವರ್ಷದ ಮಾತು ಯಾಕೆ ಅಷ್ಟು ಒತ್ತಿ ಹೇಳಿದೆ ಎಂಬುದಕ್ಕೆ ಬರುತ್ತೇನೆ. ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವುದು ಎರಡನೇ ವರ್ಷದ ಶುರುವಿನಲ್ಲಿ. ಬ್ರಿಟನ್ನಿನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ವೈದ್ಯಕೀಯಕ್ಕೆ ಅಕ್ಟೋಬರ್ 15 ಕಡೆಯ ದಿನ, ಉಳಿದ ಹೆಚ್ಚಿನವಕ್ಕೆ ಜನವರಿ. ಆಗ ಕೈಯಲ್ಲಿ ಅಂತಿಮ ಅಂಕ ಇರುವುದಿಲ್ಲ, ಕೊನೆಗೆ ಇಷ್ಟು ಬರಬಹುದು ಎಂದು ಮೇಷ್ಟ್ರುಗಳು ಅಂದಾಜಿಸಿ ಕೊಡುವ ಪ್ರೆಡಿಕ್ಟೆಡ್ ಗ್ರೇಡ್ ಮಾತ್ರ. ಅವರು ಅದಕ್ಕೆ ನೋಡುವುದು ಮೊದಲ ವರ್ಷದ ಕೊನೆಯ ಪರೀಕ್ಷೆ ಮತ್ತು ತರಗತಿಯ ಕೆಲಸವನ್ನು. ಆ ಪರೀಕ್ಷೆಯನ್ನು ಮಧ್ಯವಾರ್ಷಿಕದ ಹಾಗೆ ಹಗುರವಾಗಿ ತೆಗೆದುಕೊಂಡರೆ ಒಳ್ಳೆಯ ಕಡೆ ಅರ್ಜಿ ಹಾಕುವ ದಾರಿಯೇ ಮುಚ್ಚುತ್ತದೆ. ಸೀಟು ಬಂದರೂ ‘ಒಟ್ಟು 38, ಹೈಯರ್‌ನಲ್ಲಿ 6, 6, 6’ ಎಂಬಂಥ ಷರತ್ತಿನ ಮೇಲೆ ಬರುತ್ತದೆ. ಅದೇ ಸೆಪ್ಟೆಂಬರಿನಿಂದ ಜನವರಿಯೊಳಗೆ ಪ್ರಬಂಧದ ಕೊನೆಯ ರೂಪ, ನಾಲ್ಕೈದು ಐ.ಎ., ಟಿ.ಓ.ಕೆ. ಬರಹ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬೀಳುತ್ತವೆ. ನಿದ್ದೆ ಕೆಡುವುದು, ನಕಲು ಮಾಡುವ ಆಸೆ ಹುಟ್ಟುವುದು ಆಗಲೇ. ಬೇರೆಯವರ ಸಾಲನ್ನೋ ಎ.ಐ. ಬರೆದುಕೊಟ್ಟದ್ದನ್ನೋ ತನ್ನದೆಂದು ಸೇರಿಸಿ ಸಿಕ್ಕಿಬಿದ್ದರೆ ಆ ವಿಷಯಕ್ಕೆ ಗ್ರೇಡೇ ಸಿಗದೆ ಡಿಪ್ಲೊಮಾ ಹೋಗಬಹುದು. ಆ ತಿಂಗಳುಗಳಲ್ಲಿ ಫೋನಿನಲ್ಲಿ ಅಂಕದ ಬದಲು ಊಟ, ನಿದ್ದೆ ವಿಚಾರಿಸಿ, ಮುಂದಿನ ಗಡುವು ಯಾವುದು ಎಂದು ಒಂದು ಮಾತು ಕೇಳಿ.

ಫಲಿತಾಂಶ ಜುಲೈ ಮೊದಲ ವಾರ. ಅನುಮಾನವಿದ್ದರೆ ಮರುಮೌಲ್ಯಮಾಪನ ಕೇಳಬಹುದು, ಆದರೆ ಗ್ರೇಡ್ ಇಳಿಯುವ ಸಂಭವವೂ ಇರುವುದರಿಂದ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಮಾಡುವುದಿಲ್ಲ. ಗಡಿಗೆ ಒಂದೆರಡು ಅಂಕ ಕಡಿಮೆ ಇದ್ದಾಗ ಮಾತ್ರ ಕೇಳುವುದು ಜಾಣತನ. ನವೆಂಬರಿನಲ್ಲಿ ಮತ್ತೆ ಬರೆಯಲೂ ಅವಕಾಶವಿದೆ. ಭಾರತದಲ್ಲಿ ಮುಂದೆ ಓದುವುದಾದರೆ ಅಸೋಸಿಯೇಷನ್ ಆಫ್ ಇಂಡಿಯನ್ ಯೂನಿವರ್ಸಿಟೀಸ್‌ನ ಸಮಾನತಾ ಪ್ರಮಾಣಪತ್ರ ಬೇಕಾಗುತ್ತದೆ. ಪುಟ್ಟನ ಹತ್ತನೇ ತರಗತಿಯ ಅಂಕಪಟ್ಟಿಯ ಮೂಲಪ್ರತಿ ಜೋಪಾನವಾಗಿಟ್ಟಿರಿ.

ಅವನ ಮನಸ್ಸಿನಲ್ಲಿರುವ ಆರು ವಿಷಯಗಳನ್ನು, ಯಾವುದು ಹೈಯರ್, ಯಾವುದು ಸ್ಟ್ಯಾಂಡರ್ಡ್ ಎಂದು ಗುರುತು ಹಾಕಿ, ಮುಂದೆ ಏನು ಓದಬೇಕೆಂದಿದ್ದಾನೆ ಎಂಬುದನ್ನೂ ಸೇರಿಸಿ ನನಗೆ ಕಳಿಸಲು ಹೇಳಿ. ಶಾಲೆಗೆ ಅರ್ಜಿ ತುಂಬುವುದಕ್ಕೆ ಮುಂಚೆ ಇಬ್ಬರೂ ಕೂತು ಒಂದೊಂದಾಗಿ ನೋಡುತ್ತೇವೆ.

ಇಂತಿ ನಿಮ್ಮ ಪ್ರೀತಿಯ ಮಗಳು