ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ಸಡಿಲಿಕೆ, ಅಷ್ಟೇ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಆಗಬೇಕು. ಶಿರಸಿ, ಯಲ್ಲಾಪುರ, ಕುಮಟಾ, ಕಾರವಾರದ ಝೆರಾಕ್ಸ್ ಅಂಗಡಿ, ಶಾಲೆ, ಸಹಕಾರಿ ಸಂಘಗಳಲ್ಲಿ ಇದಕ್ಕೆ ಹೊಂದದ ಯಂತ್ರಗಳು ಬೇಕಾದಷ್ಟಿವೆ. ಅವಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ಎಂಬುದು ನನ್ನ ಒತ್ತಾಯ.

ಎಲ್ಲ ಯಂತ್ರಕ್ಕೂ ಅಲ್ಲ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಇರುವುದು, ಡಿಜಿಟಲ್ ಸಹಿಯ ಟೋಕನ್ ಹಾಕುವುದು, ಇವೆರಡನ್ನು ಮುಟ್ಟಬೇಡಿ. ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೂಲಕ ಓಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಮಾರ್ಚ್ ಕೊನೆಯಲ್ಲಿ ಅವರು ಫೋನ್ ಎತ್ತುವುದಿಲ್ಲ.

ಲಿನಕ್ಸ್ ಹಾಕಿಸಿಕೊಂಡವರು ಮತ್ತೆ ವಿಂಡೋಸ್ ಕೇಳಲು ನಮ್ಮಲ್ಲಿ ದೊಡ್ಡ ಕಾರಣ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಕಡತಗಳು. ಅವುಗಳಲ್ಲಿ ಟೈಪಿಸಿಟ್ಟ ಠರಾವು, ನೋಟಿಸು, ಪ್ರಶ್ನೆಪತ್ರಿಕೆಗಳು ಯುನಿಕೋಡ್ (ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರದ ಸಂಕೇತಗಳಿಗೆ ಕನ್ನಡ ಫಾಂಟಿನ ವೇಷ ಕಟ್ಟಿದ್ದು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ, ಕಡತ ಹಾಳಾಯಿತೆಂದು ಎಲ್ಲರೂ ಗಾಬರಿಯಾಗುತ್ತಾರೆ. ಹಾಳಾಗಿರುವುದಿಲ್ಲ. ವಿಂಡೋಸ್ ಅಳಿಸುವ ಮೊದಲೇ ಅದರ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಪೆನ್‌ಡ್ರೈವ್‌ಗೆ ತೆಗೆದಿಡಿ. ಮಿಂಟ್‌ನಲ್ಲಿ ಅವನ್ನು ಇನ್‌ಸ್ಟಾಲ್ ಮಾಡಿದರೆ ಅದರಲ್ಲಿರುವ ಕಚೇರಿ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಓದಲು, ಪ್ರಿಂಟ್ ತೆಗೆಯಲು ಬರುತ್ತದೆ. ಮುಂದೆ ತಿದ್ದಬೇಕಾದ ಕಡತಗಳನ್ನು ವಿಂಡೋಸ್ ಇರುವಾಗಲೇ ಯುನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಬಂದಲ್ಲೆಲ್ಲ ಕಣ್ಣಾಡಿಸಿ. ತಪ್ಪು ಕೂತಿರುವುದು ಹೆಚ್ಚಾಗಿ ಅಲ್ಲೇ. ಹೊಸದಾಗಿ ಟೈಪಿಸಲು ಮಿಂಟ್‌ನಲ್ಲಿ ಭಾಷಾ ಕೀಲಿಮಣೆಯ ತಂತ್ರಾಂಶ ಐಬಸ್ ಮತ್ತು ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್ಔಟ್ ಆಗಿ ಬಂದು, ಐಬಸ್ ಪಟ್ಟಿಯಿಂದ ಕನ್ನಡ ಕೆಜಿಪಿ ಸೇರಿಸಿ. ಅದು ನುಡಿಯಲ್ಲಿರುವ ಕಗಪ ಕೀಲಿಮಣೆಯೇ; ಆ ವಿನ್ಯಾಸ ರೂಢಿಯಿದ್ದವರ ಬೆರಳಿಗೆ ಕಷ್ಟವಾಗದು.

ಇನ್ನೊಂದು ತೊಡಕು ಪ್ರಿಂಟರಿನದು. ಝೆರಾಕ್ಸ್ ಅಂಗಡಿಗಳಲ್ಲಿ ಬಹಳ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಬೇರೆಯೇ ಡ್ರೈವರ್ ತಂದು ಹಾಕಬೇಕು. ಎಚ್‌ಪಿ 1020ಕ್ಕೆ ಒಂದು ಪ್ಲಗಿನ್ ಇಳಿಸಬೇಕು. ಅದಕ್ಕೇ ಹೇಳುವುದು, ಮಿಂಟನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. 8 ಜಿಬಿಯದ್ದು ಸಾಕು, ಒಳಗಿರುವುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ. ಮಿಂಟ್‌ನ ಸುಮಾರು 3 ಜಿಬಿಯ ಐಎಸ್‌ಒ ಕಡತವನ್ನು (ಇಡೀ ಸಿಸ್ಟಮ್ ಅಡಕವಾಗಿರುವ ಒಂದೇ ಕಡತ) ರೂಫಸ್ ಎಂಬ ತಂತ್ರಾಂಶದಿಂದ ಅದಕ್ಕೆ ಬರೆಯಿರಿ. ಜೋಯಿಡಾದಂತಹ ನೆಟ್‌ವರ್ಕ್ ಸಿಗದ ಕಡೆಯವರು ಪೇಟೆಯಲ್ಲಿ ಇಳಿಸಿದ್ದನ್ನೇ ನಕಲು ಮಾಡಿ ಒಯ್ಯಬಹುದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆನ್ ಮಾಡಿದ ಕೂಡಲೇ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿ. ಹಾರ್ಡ್‌ಡಿಸ್ಕ್ ಮುಟ್ಟದೆ ವೈಫೈ, ಸೌಂಡ್ ಎಲ್ಲ ಪರೀಕ್ಷಿಸಬಹುದು. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಕಾಣದಿದ್ದರೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್) ಡಿಸ್ಕಿನ ವಿಧಾನ ಇಂಟೆಲ್ ಆರ್‌ಎಸ್‌ಟಿ ಎಂದಿದೆಯೇ ನೋಡಿ, ಹಾಗಿದ್ದರೆ ಎಎಚ್‌ಸಿಐ ವಿಧಾನಕ್ಕೆ ಬದಲಿಸಬೇಕು. ವಿಂಡೋಸ್ ಪಕ್ಕದಲ್ಲೇ ಇಟ್ಟುಕೊಳ್ಳುವವರು ಅದಕ್ಕೂ ಮೊದಲೇ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ಲಿನಕ್ಸ್‌ನಿಂದ ಆ ಡ್ರೈವ್ ಓದಲಷ್ಟೇ ಸಿಗಬಹುದು.

4 ಜಿಬಿ ರ‍್ಯಾಮ್ ಇದ್ದರೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಲಿನಕ್ಸ್ ಬಂತೆಂದು ಓಡಲಾರದು. ಒಂದು ಎಸ್‌ಎಸ್‌ಡಿಗೆ ಖರ್ಚು ಮಾಡಿ.

ಮಳೆಗಾಲದಲ್ಲಿ ಕರೆಂಟು ಹೋಗುವುದು ನಮಗೆ ಹೊಸತಲ್ಲ. ಯುಪಿಎಸ್ ಇಲ್ಲದೆ ಅಪ್‌ಡೇಟ್ ಒತ್ತಬೇಡಿ, ಅದಕ್ಕೂ ಮೊದಲು ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ (ಹಿಂದಿನ ಸ್ಥಿತಿಗೆ ಮರಳಲು ಸಿಸ್ಟಮ್ಮಿನ ನಕಲು) ತೆಗೆಯಿರಿ. ಅದು ಸಿಸ್ಟಮ್ಮನ್ನು ಮಾತ್ರ ಕಾಯುತ್ತದೆ; ನಿಮ್ಮ ಕಡತಗಳ ನಕಲು ಬೇರೆ ಡಿಸ್ಕಿನಲ್ಲಿರಬೇಕು. ಕರೆಂಟು ಬಂದ ಮೇಲೆ ಯಾವ ವೆಬ್‌ಸೈಟ್ ತೆರೆದರೂ ಭದ್ರತಾ ಎಚ್ಚರಿಕೆ ಬಂದರೆ ಲಿನಕ್ಸನ್ನು ಬಯ್ಯುವ ಮೊದಲು ಮೂಲೆಯ ದಿನಾಂಕ ನೋಡಿ. ಅದು ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದೆ ಎಂದರ್ಥ. ಅದನ್ನು ಬದಲಿಸಿ, ತಾರೀಕು ಸರಿಪಡಿಸಿ.

– ಓದುಗ, ಶಿರಸಿ