ಫುಲ್ ಬಾಡಿ ಪ್ಯಾಕೇಜಿನಿಂದ ಕ್ಯಾನ್ಸರ್ ಮಾರ್ಕರ್ ತೆಗೆಯುತ್ತಿದ್ದೇವೆ, ಯಾಕೆ ಅಂತ ಒಮ್ಮೆ ಓದಿ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ 1ನೇ ತಾರೀಕಿನಿಂದ ನಮ್ಮ ಲ್ಯಾಬಿನ ಫುಲ್ ಬಾಡಿ ಚೆಕಪ್‌ನಲ್ಲಿ ಕ್ಯಾನ್ಸರ್ ಮಾರ್ಕರ್‌ಗಳು ಇರುವುದಿಲ್ಲ. ಅಂದರೆ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ರಕ್ತಪರೀಕ್ಷೆಗಳು: ಹೆಂಗಸರಿಗೆ ಮಾಡುತ್ತಿದ್ದ ಸಿಎ-125 (ಅಂಡಾಶಯ), ಗಂಡಸರಿಗೆ ಮಾಡುತ್ತಿದ್ದ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ), ಇಬ್ಬರಿಗೂ ಮಾಡುತ್ತಿದ್ದ ಸಿಇಎ (ಕರುಳು), ಎಎಫ್‌ಪಿ (ಲಿವರ್) ಮತ್ತು ಸಿಎ 19-9 (ಮೇದೋಜೀರಕ). ಪ್ಯಾಕೇಜಿನ ರೇಟೂ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಟೆಸ್ಟ್‌ಗಳನ್ನೇ ನಿಲ್ಲಿಸುತ್ತಿಲ್ಲ. ಡಾಕ್ಟರ್ ಚೀಟಿ ತಂದರೆ ಯಾವುದು ಬೇಕೋ ಅದನ್ನು ಮಾಡಿಕೊಡುತ್ತೇವೆ.

"ಕ್ಯಾನ್ಸರ್ ಬೇಗ ಗೊತ್ತಾದರೆ ಒಳ್ಳೆಯದಲ್ವಾ, ಅದನ್ನೇ ಯಾಕೆ ತೆಗೆಯುತ್ತೀರಿ?" ಅಂತ ಕೌಂಟರಿನಲ್ಲಿ ಆಗಲೇ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ.

ಈ ಮಾರ್ಕರ್‌ಗಳು ರಕ್ತದಲ್ಲಿ ಓಡಾಡುವ ಪ್ರೋಟೀನ್‌ಗಳು (ಸಿಎ 19-9 ಮಾತ್ರ ಪ್ರೋಟೀನಿಗೆ ಅಂಟಿಕೊಂಡ ಒಂದು ಬಗೆಯ ಸಕ್ಕರೆ). ತೊಂದರೆ ಏನೆಂದರೆ ಇವನ್ನು ಕ್ಯಾನ್ಸರ್ ಒಂದೇ ತಯಾರಿಸುವುದಿಲ್ಲ, ಚೆನ್ನಾಗಿರುವ ದೇಹವೂ ತಯಾರಿಸುತ್ತದೆ. ಸಿಎ-125 ತಗೊಳ್ಳಿ. ಸಾಮಾನ್ಯವಾಗಿ 35ರ ಒಳಗಿರಬೇಕು ಅಂತಾರೆ. ಆದರೆ ಮುಟ್ಟಿನ ದಿನಗಳಲ್ಲಿ ಏರಬಹುದು, ಬಸುರಿಯಾದ ಮೊದಲ ತಿಂಗಳುಗಳಲ್ಲಿ ಏರಬಹುದು, ಫೈಬ್ರಾಯ್ಡ್ (ಗರ್ಭಕೋಶದ ಸಾದಾ ಗಡ್ಡೆ) ಇದ್ದರೂ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಇದ್ದರೂ, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದರೂ ಏರುತ್ತದೆ. ನಮ್ಮ ಕಡೆ ಇನ್ನೊಂದಿದೆ, ಹೊಟ್ಟೆಯ ಟಿಬಿ. ಅದರಲ್ಲಿ ಈ ಅಂಕಿ ಹಲವು ನೂರಕ್ಕೆ ಏರಬಹುದು, ಸ್ಕ್ಯಾನ್ ನೋಡಿದರೂ ಅಂಡಾಶಯದ ಕ್ಯಾನ್ಸರಿನ ಹಾಗೇ ಕಾಣಬಹುದು, ಕೊನೆಗೆ ನೋಡಿದರೆ ಟಿಬಿ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ. ನಾಯಿ ಬೊಗಳಿತು ಅಂದ ಮಾತ್ರಕ್ಕೆ ಕಳ್ಳನೇ ಬಂದ ಅಂತ ಅಲ್ಲವಲ್ಲ.

ಇದಕ್ಕಿಂತ ಕೆಟ್ಟದ್ದು ಉಲ್ಟಾ ಆದಾಗ. ಅಂಡಾಶಯದ ಕ್ಯಾನ್ಸರ್ ಇನ್ನೂ ಶುರುವಿನ ಹಂತದಲ್ಲಿರುವಾಗ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಸಿಎ-125 ಏರಿಯೇ ಇರುವುದಿಲ್ಲ. ರಿಪೋರ್ಟ್ ನಾರ್ಮಲ್ ಬಂತು ಅಂತ ಹೊಟ್ಟೆ ಉಬ್ಬರವನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಸುಮ್ನೆ ಕೂತರೆ ಏನು ಕಥೆ? ಬ್ರಿಟನ್ನಿನಲ್ಲಿ ಮುಟ್ಟು ನಿಂತ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು, ಒಂದು ಗುಂಪಿಗೆ ವರ್ಷ ವರ್ಷ ಸಿಎ-125 ಮಾಡಿ, ಬಹಳ ಕಾಲ ಕಾದು ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಆ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಕಡಿಮೆಯಾಗಿರಲಿಲ್ಲ.

ಉಳಿದವುಗಳ ಕಥೆಯೂ ಹೀಗೇ. ಸಿಇಎಯನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕಂಡುಹಿಡಿದರು. ಕರುಳಿನ ಕ್ಯಾನ್ಸರಿಗೆ ಒಂದು ರಕ್ತಪರೀಕ್ಷೆ ಸಾಕು ಅನ್ನುವ ಆಸೆ ಆಗ ಹುಟ್ಟಿತ್ತು. ಆದರೆ ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಅದು ಜಾಸ್ತಿ ಇರುತ್ತದೆ. ಸಿಎ 19-9 ಪಿತ್ತಕೋಶದ ಕಲ್ಲು ಜಾರಿ ಕಾಮಾಲೆ ಆದರೂ ಏರುತ್ತದೆ. ಕೆಲವರ ದೇಹ ಅದನ್ನು ತಯಾರಿಸುವುದೇ ಇಲ್ಲ, ಅವರಿಗೆ ಮೇದೋಜೀರಕದ ಕ್ಯಾನ್ಸರ್ ಇದ್ದರೂ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ. ಪಿಎಸ್‌ಎ ವಯಸ್ಸಾದಂತೆ ಪ್ರಾಸ್ಟೇಟ್ ದಪ್ಪಗಾದರೂ, ಮೂತ್ರದ ಸೋಂಕಾದರೂ ಏರುತ್ತದೆ.

ಈಗ ಸಣ್ಣ ಲೆಕ್ಕ. ಒಂದು ಟೆಸ್ಟ್ ಏನೂ ಇಲ್ಲದ 100 ಜನರಲ್ಲಿ 5 ಜನರಿಗೆ ತಪ್ಪಾಗಿ 'ಹೈ' ತೋರಿಸುತ್ತದೆ ಅಂತಿಟ್ಟುಕೊಳ್ಳಿ. ಅಂಥ ನಾಲ್ಕು ಟೆಸ್ಟ್ ಒಟ್ಟಿಗೆ ಮಾಡಿದರೆ 100ರಲ್ಲಿ 18-19 ಜನರಿಗೆ ಎಲ್ಲೋ ಒಂದು ಕಡೆ ಕೆಂಪು ಅಕ್ಷರ ಬರುತ್ತದೆ. ಆಮೇಲೆ ಸ್ಕ್ಯಾನು, ಎಂಡೋಸ್ಕೋಪಿ, ಬಯಾಪ್ಸಿ, ಮನೆಯವರಿಗೆಲ್ಲ ನಿದ್ದೆ ಇಲ್ಲ. ಈ ಓಡಾಟದ ದುಡ್ಡು ಪ್ಯಾಕೇಜಿನ ಬಿಲ್ಲಿನಲ್ಲಿ ಕಾಣುವುದಿಲ್ಲ ಅಷ್ಟೇ.

ಹಾಗಂತ ಪ್ರೋಟೀನ್ ಟೆಸ್ಟ್ ಎಲ್ಲ ದಂಡ ಅಂದುಕೊಳ್ಳಬೇಡಿ. ಎದೆ ನೋವು ಬಂದವರಿಗೆ ಹೃದಯದ ಪೆಟ್ಟನ್ನು ತೋರಿಸುವ ಟ್ರೋಪೋನಿನ್‌ನಷ್ಟು ಉಪಯೋಗದ ರಕ್ತಪರೀಕ್ಷೆ ಇನ್ನೊಂದಿಲ್ಲ. ಮಳೆಗಾಲದಲ್ಲಿ ನೀವು ಮಾಡಿಸುವ ಡೆಂಗಿ ಎನ್‌ಎಸ್1 ಕೂಡ ವೈರಸ್ಸಿನ ಪ್ರೋಟೀನನ್ನೇ ಹುಡುಕುವುದು, ಜ್ವರದ ಮೊದಲ ಕೆಲವು ದಿನಗಳಲ್ಲಿ ಚೆನ್ನಾಗಿ ಸಿಗುತ್ತದೆ. ಅಲ್ಲಿ ಮೊದಲು ತೊಂದರೆ ಇದೆ, ಆಮೇಲೆ ಟೆಸ್ಟ್. ಕ್ಯಾನ್ಸರ್ ಮಾರ್ಕರ್‌ಗಳನ್ನೂ ಹಾಗೇ ಬಳಸಬೇಕು ಅನ್ನುವುದು ನಮ್ಮ ಅಭಿಪ್ರಾಯ. ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆದವರಿಗೆ ಸಿಇಎ, ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಇದ್ದವರಿಗೆ ಸ್ಕ್ಯಾನ್ ಜೊತೆ ಎಎಫ್‌ಪಿ, ಇವೆಲ್ಲ ಬೇಕೇ ಬೇಕು. ಪಿಎಸ್‌ಎ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಡಾಕ್ಟರ್ ಜೊತೆ ಕೂತು ಮಾತಾಡಿಯೇ ತೀರ್ಮಾನ ಮಾಡಿ.

ಚಿಕಿತ್ಸೆ ಮುಗಿಸಿ ಫಾಲೋಅಪ್‌ನಲ್ಲಿ ಇರುವವರಿಗೆ ಏನೂ ಬದಲಾಗುವುದಿಲ್ಲ. ಅದೇ ಮಷೀನು, ಅದೇ ಕಿಟ್. ಕಂಪನಿಯಿಂದ ಕಂಪನಿಗೆ ಕಿಟ್ಟಿನ ಅಂಕಿ ಬೇರೆ ಬರುತ್ತದೆ, ಅದಕ್ಕೇ ಮಧ್ಯದಲ್ಲಿ ಲ್ಯಾಬ್ ಬದಲಿಸಬೇಡಿ (ವ್ಯಾಪಾರಕ್ಕೆ ಹೇಳುತ್ತಿಲ್ಲ, ನೀವು ಬೇರೆ ಕಡೆ ಮಾಡಿಸುತ್ತಿದ್ದರೆ ಅಲ್ಲೇ ಮುಂದುವರಿಸಿ). ಕೂದಲು, ಉಗುರಿಗೆ ಅಂತ ಬಯೋಟಿನ್ ಮಾತ್ರೆ ನುಂಗುವವರು ರಕ್ತ ಕೊಡುವ ಮೊದಲು ನಮಗೆ ಹೇಳಿ. ಅದು ಇಂಥ ಎಷ್ಟೋ ಟೆಸ್ಟ್‌ಗಳ ಅಂಕಿಯನ್ನು ಏರುಪೇರು ಮಾಡುತ್ತದೆ, ಟ್ರೋಪೋನಿನ್‌ನದ್ದೂ ಸೇರಿ.

ಕ್ಯಾನ್ಸರ್ ಬೇಗ ಪತ್ತೆಯಾಗಲಿ ಅನ್ನುವವರು 30 ದಾಟಿದ್ದರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಬಾಯಿ, ಸ್ತನ, ಗರ್ಭಕೋಶದ ಕೊರಳು, ಈ ಮೂರರ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನಮಗೆ ಅದರಿಂದ ಪೈಸೆ ಸಿಗುವುದಿಲ್ಲ, ಆದರೂ ಹೇಳುತ್ತಿದ್ದೇವೆ, ಯಾಕೆಂದರೆ ಗುಟ್ಕಾ ಹಾಕುವವರ ಬಾಯಿಯ ಬಿಳಿ ಮಚ್ಚೆ ನಮ್ಮ ಯಾವ ಮಷೀನಿಗೂ ಕಾಣುವುದಿಲ್ಲ.

ಹಳೇ ಪ್ಯಾಕೇಜಿಗೆ ಮುಂಗಡ ದುಡ್ಡು ಕಟ್ಟಿದವರು ರಸೀದಿ ತನ್ನಿ. ವ್ಯತ್ಯಾಸದ ಹಣ ವಾಪಸ್ ಕೊಡುತ್ತೇವೆ. ಹಳೇ ರಿಪೋರ್ಟಿನಲ್ಲಿ ಯಾವುದಾದರೂ ಮಾರ್ಕರ್ ಹೈ ಬಂದಿದ್ದರೆ ಅದನ್ನು ಹಾಗೇ ಬಿಡಬೇಡಿ, ಇಂಟರ್‌ನೆಟ್ ನೋಡಿ ಗಾಬರಿಯನ್ನೂ ಆಗಬೇಡಿ, ಡಾಕ್ಟರಿಗೆ ತೋರಿಸಿ. ಅವರಿಗೆ ಏನಾದರೂ ವಿವರ ಬೇಕಿದ್ದರೆ ನಮ್ಮ ಪೆಥಾಲಜಿಸ್ಟ್ ಜೊತೆ ನೇರವಾಗಿ ಮಾತಾಡಬಹುದು.

ಇಂತಿ,
ನಿಮ್ಮ ಲ್ಯಾಬಿನವರು