ಹಬ್ಬದ ಕ್ಲೀನಿಂಗ್‌ಗೆ ಮುಂಚೆ: ಊದಿದ ಬ್ಯಾಟರಿಗಳ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಆಯುಧ ಪೂಜೆಗೆ ಇನ್ನು ಕೆಲವೇ ದಿನ. ಕಳೆದ ವಾರ ಶಾಲೆಯ ಟಿಂಕರಿಂಗ್ ಲ್ಯಾಬನ್ನು ಗುಡಿಸಿ ಒರೆಸುತ್ತಿದ್ದೆವು. ಕಬ್ಬಿಣದ ಬೀರುವಿನ ಕೆಳಗಿನ ಖಾನೆಯಲ್ಲಿ ಹಳೇ ವೈರು, ಮುರಿದ ಪ್ರೊಪೆಲರ್‌ಗಳ ನಡುವೆ ನಮ್ಮ ಆಯಾಗೆ ಒಂದು ಬ್ಯಾಟರಿ ಸಿಕ್ಕಿತು. ಪೂರಿಯ ಹಾಗೆ ಊದಿಕೊಂಡಿತ್ತು. "ಮೇಡಂ, ಗಾಳಿ ತುಂಬಿದೆ, ಪಿನ್ನು ಚುಚ್ಚಿ ತೆಗೆದುಬಿಡ್ಲಾ?" ಎಂದು ಕೇಳಿದರು. ಸದ್ಯ, ಕೇಳಿದರು.

ತಪ್ಪು ನಮ್ಮದೇ. ಎರಡು ವರ್ಷದ ಹಿಂದೆ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ಮಾಡಿದ ಡ್ರೋನಿನ ಬ್ಯಾಟರಿ ಅದು. ಪ್ರದರ್ಶನ ಮುಗಿಯಿತು, ಫೋಟೊ ತೆಗೆಸಿಕೊಂಡೆವು, ಬ್ಯಾಟರಿಯನ್ನು ಮರೆತೆವು. ಮರೆತವರಲ್ಲಿ ನಾನೂ ಒಬ್ಬಳು.

ಮಾರನೇ ದಿನ ಏಳರಿಂದ ಒಂಬತ್ತನೇ ತರಗತಿಯ ಮಕ್ಕಳನ್ನು ಸುಮ್ನೆ ಕೇಳಿದೆ, ಇಂಥದ್ದು ನಿಮ್ಮ ಮನೆಯಲ್ಲಿ ಎಷ್ಟಿದೆ ಅಂತ. ಒಬ್ಬನ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಡ್ರಾಯರಿನಲ್ಲಿ ಮೂರು ಇವೆಯಂತೆ. ಒಬ್ಬಳ ಮನೆಯಲ್ಲಿ ಅಡುಗೆಮನೆಯ ಅಟ್ಟದ ಮೇಲೆ, ತುಂಬಿದ ಗ್ಯಾಸ್ ಸಿಲಿಂಡರಿನ ಪಕ್ಕ. ಇನ್ನೊಬ್ಬ ಎದ್ದು ನಿಂತು, "ಅಪ್ಪ ಹೋದ ವರ್ಷವೇ ಕಸದ ಆಟೋಗೆ ಹಾಕಿಬಿಟ್ಟರು ಮಿಸ್" ಎಂದ, ಏನೋ ಒಳ್ಳೆ ಕೆಲಸ ಆಯಿತು ಅನ್ನುವ ಹಾಗೆ. ಅದಕ್ಕೇ ಈ ಪತ್ರ. ಈ ವಾರ ನೀವೂ ಅಟ್ಟ, ಡ್ರಾಯರು ಎಲ್ಲ ಖಾಲಿ ಮಾಡುತ್ತೀರಿ, ಅಲ್ವಾ?

ಮೊದಲು ಗುರುತು ಹೇಳುತ್ತೇನೆ. ಡ್ರೋನ್, ರಿಮೋಟ್ ಕಾರು, ಆಟದ ಹೆಲಿಕಾಪ್ಟರ್, ರೋಬೋಟ್ ಕಿಟ್‌ಗಳಲ್ಲಿ ಬರುವ ಚಾರ್ಜ್ ಆಗುವ ಲಿಥಿಯಂ ಬ್ಯಾಟರಿ ಇದು. ಮಕ್ಕಳು ಲೈಪೋ ಅನ್ನುತ್ತಾರೆ. ಗಡಿಯಾರದ ಸೆಲ್ಲಿಗೆ ಇರುವಂಥ ಗಟ್ಟಿ ಕವಚ ಇದಕ್ಕಿಲ್ಲ. ಬೆಳ್ಳಿ ಬಣ್ಣದ ಮೆತ್ತನೆ ಚೀಲ, ಒಂದು ಕೆಂಪು ವೈರು, ಒಂದು ಕಪ್ಪು ವೈರು, ಅಷ್ಟೇ. ದೊಡ್ಡ ಬ್ಯಾಟರಿಯಾದರೆ ಜೊತೆಗೆ ಸಣ್ಣ ವೈರುಗಳ ಬಿಳಿ ಪ್ಲಗ್ಗು ಇರುತ್ತದೆ. ಮೇಲೆ 3.7, 7.4 ಅಥವಾ 11.1 ವೋಲ್ಟ್ ಎಂದು ಬರೆದಿರುತ್ತದೆ. ಟಾರ್ಚು, ಪವರ್ ಬ್ಯಾಂಕುಗಳ ಒಳಗಿನ 18650 ಎಂಬ ದುಂಡನೆ ಸೆಲ್ಲುಗಳೂ ಇದೇ ಕುಟುಂಬದವು.

ಬೀರುವಿನಲ್ಲಿ ಸಿಕ್ಕಿದ್ದರ ಮೇಲೆ 11.1 ವೋಲ್ಟ್, 2200 ಎಂಎಎಚ್, 25ಸಿ ಎಂದಿತ್ತು. ಆ 25ಸಿ ಕಡೆ ಯಾರೂ ನೋಡುವುದಿಲ್ಲ. ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟನ್ನು ಬ್ಯಾಟರಿ ಕೊಡಬಲ್ಲದು ಎನ್ನುವ ಅಂಕಿ ಅದು. ನಾನು ವಿಜ್ಞಾನ ಪಾಠ ಮಾಡಿದವಳು, ಲೆಕ್ಕ ಹಾಕದೆ ಬಿಡಲು ಮನಸ್ಸಿಲ್ಲ. 2200 ಎಂಎಎಚ್ ಅಂದರೆ 2.2 ಆಂಪಿಯರ್-ಗಂಟೆ. ಅದನ್ನು 25ರಿಂದ ಗುಣಿಸಿದರೆ 55 ಆಂಪಿಯರ್. ನಿಮ್ಮ ಗೀಸರ್ ಹಾಕುವ ದೊಡ್ಡ ಪ್ಲಗ್ಗು 16 ಆಂಪಿಯರಿನದು. ಅಂಗೈಯಲ್ಲಿ ಹಿಡಿಸುವ ಈ ಚೀಲ ಅದರ ಮೂರು ಪಟ್ಟಿಗಿಂತ ಜಾಸ್ತಿ ಕರೆಂಟು ಹರಿಸಬಲ್ಲದು. ವೋಲ್ಟೇಜ್ ಕಡಿಮೆ, ಹಾಗಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಎರಡು ವೈರಿನ ತುದಿ ಒಂದಕ್ಕೊಂದು ತಾಗಿದರೆ ಕಿಡಿ ಹಾರುತ್ತದೆ, ವೈರೇ ಕರಗುತ್ತದೆ. ಎರಡೂ ವೈರನ್ನು ಒಟ್ಟಿಗೆ ಕತ್ತರಿಯಲ್ಲಿ ಕತ್ತರಿಸಿದರೂ ಆಗುವುದು ಅದೇ.

"ಡ್ರೋನ್ ಹಾರ್ತಾನೇ ಇಲ್ಲ, ಬ್ಯಾಟರಿ ಖಾಲಿ" ಎನ್ನುತ್ತೇವಲ್ಲ, ಅದು ಪೂರ್ತಿ ನಿಜವಲ್ಲ. ತುಂಬಿದ ಒಂದು ಸೆಲ್ಲಿನಲ್ಲಿ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗಿಂತ ಕೆಳಗೆ ಇಳಿದರೆ ಸೆಲ್ಲು ಕೆಡುತ್ತದೆ. ಅದಕ್ಕೇ ಒಳ್ಳೆಯ ಡ್ರೋನುಗಳು ಅದಕ್ಕೆ ಮುಂಚೆಯೇ ಕೆಳಗಿಳಿಯುತ್ತವೆ. ಅಂದರೆ ನಾವು ಸತ್ತಿದೆ ಎಂದು ಎಸೆಯುವ ಬ್ಯಾಟರಿಯಲ್ಲಿ ಇನ್ನೂ ಜೀವ ಇರುತ್ತದೆ.

ಕಸದ ಗಾಡಿಗೆ ಹೋದ ಮೇಲೆ ಏನಾಗುತ್ತದೆ ನೋಡಿ. ಈ ಚೀಲದ ಒಳಗೆ ತಾಮ್ರ ಮತ್ತು ಅಲ್ಯೂಮಿನಿಯಂ ಹಾಳೆಗಳನ್ನು ಪದರ ಪದರವಾಗಿ ಜೋಡಿಸಿರುತ್ತಾರೆ. ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಉಳಿದ ಜಾಗದಲ್ಲಿ ಬೇಗ ಹೊತ್ತಿಕೊಳ್ಳುವ ದ್ರವ. ಕಸವನ್ನು ಒತ್ತಿ ತುಂಬುವ ಲಾರಿಯಲ್ಲಿ ಆ ಪೊರೆ ಹರಿದರೆ ಒಳಗೇ ಶಾರ್ಟ್ ಆಗುತ್ತದೆ. ಶಾರ್ಟ್ ಆದರೆ ಬಿಸಿ, ಬಿಸಿಯಾದರೆ ಇನ್ನಷ್ಟು ರಾಸಾಯನಿಕ ಕ್ರಿಯೆ, ಅದರಿಂದ ಮತ್ತೂ ಬಿಸಿ. ಸುತ್ತ ಒಣ ಕಾಗದ, ಪ್ಲಾಸ್ಟಿಕ್ಕು. ಬೆಂಕಿ ಹತ್ತುವ ಹೊತ್ತಿಗೆ ಅಲ್ಲಿ ನಿಂತಿರುವವರು ನಾವಲ್ಲ, ಪೌರಕಾರ್ಮಿಕರು. ಗುಜರಿ ಅಂಗಡಿಯಲ್ಲೂ ಅಷ್ಟೇ. ತಾಮ್ರ ಸಿಗುತ್ತದೆ ಎಂದು ಸುತ್ತಿಗೆಯಲ್ಲಿ ಬಡಿಯುವವರ ಕೈ, ಕಣ್ಣು ಹೋಗಬಹುದು. ನಮ್ಮ ಶಾಲೆಯಲ್ಲಿ ಅಂಥ ಮನೆಗಳಿಂದ ಬರುವ ಮಕ್ಕಳೂ ಇದ್ದಾರೆ. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆಯೇ.

ಬ್ಯಾಟರಿ ಯಾಕೆ ಊದುತ್ತದೆ? ಹೆಚ್ಚು ಚಾರ್ಜ್ ಮಾಡಿದರೆ, ತೀರಾ ಇಳಿಸಿದರೆ, ಬಿಸಿಲಿಗೆ ಇಟ್ಟರೆ, ಡ್ರೋನ್ ಬಿದ್ದು ಪೆಟ್ಟಾದರೆ ಒಳಗಿನ ದ್ರವ ಒಡೆದು ಅನಿಲವಾಗುತ್ತದೆ. ಚುಚ್ಚಿದರೆ ಆ ಅನಿಲ ಹೊರಗೆ, ಹೊರಗಿನ ಗಾಳಿಯ ತೇವ ಒಳಗೆ, ಪದರಗಳು ಒಂದಕ್ಕೊಂದು ಅಂಟಿ ಬೆಂಕಿ. ಆದ್ದರಿಂದ ಊದಿದ್ದನ್ನು ಚುಚ್ಚಬೇಡಿ, ಒತ್ತಬೇಡಿ, "ಒಂದು ಸಲ ಚಾರ್ಜ್ ಮಾಡಿ ನೋಡೋಣ" ಎನ್ನಲೂ ಬೇಡಿ. ಎಲೆ ಕಸದ ಜೊತೆ ಸುಡುವುದಂತೂ ಬೇಡವೇ ಬೇಡ.

ಉಪ್ಪುನೀರಿನ ವಿಚಾರ. ಒಂದು ಬಕೆಟ್ ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಸಾಕು ಎಂದು ಮಕ್ಕಳು ಎಲ್ಲೋ ನೋಡಿಕೊಂಡು ಬಂದಿದ್ದಾರೆ. ನಂಬಬೇಡಿ. ಉಪ್ಪುನೀರು ಮೊದಲು ತಿನ್ನುವುದು ವೈರಿನ ತುದಿಯನ್ನು. ತುದಿ ಸವೆದು ಹೋದರೆ ಒಳಗಿನ ಚಾರ್ಜ್ ಹೊರಗೆ ಬರಲು ದಾರಿಯೇ ಇಲ್ಲ. ಅಳೆಯಲೂ ಆಗುವುದಿಲ್ಲ. ಕೊನೆಗೆ ಕೈಯಲ್ಲಿ ಉಳಿಯುವುದು ಚಾರ್ಜ್ ಇದೆಯೋ ಇಲ್ಲವೋ ಗೊತ್ತಾಗದ ಬ್ಯಾಟರಿ ಮತ್ತು ಒಂದು ಬಕೆಟ್ ಕೊಳಕು ನೀರು.

ಹಾಗಾದರೆ ಏನು ಮಾಡಬೇಕು? ಊದಿರದ ಹಳೇ ಬ್ಯಾಟರಿಯಾದರೆ ಆಟಿಕೆಗೇ ಹಾಕಿ, ಮೋಟರು ನಿಲ್ಲುವವರೆಗೆ ಓಡಿಸಿ. ಚಾರ್ಜರಿನಲ್ಲಿ ಡಿಸ್ಚಾರ್ಜ್ ಮಾಡುವ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು, ದೊಡ್ಡವರು ಪಕ್ಕದಲ್ಲಿರಲಿ. 11.1 ವೋಲ್ಟಿನದಕ್ಕೆ ಕೆಲವು ಹವ್ಯಾಸಿಗಳು ಕಾರಿನ 12 ವೋಲ್ಟ್ ಇಂಡಿಕೇಟರ್ ಬಲ್ಬು ಜೋಡಿಸಿ, ಅಂಗಳದಲ್ಲಿಟ್ಟು ನಿಧಾನವಾಗಿ ಇಳಿಸುತ್ತಾರೆ. ಕೆಲಸ ಗೊತ್ತಿದ್ದವರಿಗೆ ಅದು ಸರಿ. ಗೊತ್ತಿಲ್ಲದಿದ್ದರೆ ಬಿಡಿ, ಇದ್ದ ಹಾಗೇ ಶಾಲೆಗೆ ತನ್ನಿ. ಊದಿದ್ದಕ್ಕೆ ಮಾತ್ರ ಮನೆಯಲ್ಲಿ ಯಾವ ಪ್ರಯೋಗವೂ ಬೇಡ.

ಆಮೇಲೆ ವೈರಿನ ಪ್ರತಿಯೊಂದು ತುದಿಗೂ ಬೇರೆ ಬೇರೆಯಾಗಿ ಎಲೆಕ್ಟ್ರಿಷಿಯನ್ ಬಳಸುವ ಇನ್ಸುಲೇಷನ್ ಟೇಪು ಸುತ್ತಿ. ಬಿಳಿ ಪ್ಲಗ್ಗಿಗೂ ಸುತ್ತಿ. ಒಂದೊಂದು ಬ್ಯಾಟರಿಯನ್ನೂ ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿ ಇಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಅನಿಲ ಹೊರಗೆ ಹೋಗಲು ಸಂದು ಬೇಕು. ಮಡಕೆ ಮನೆಯ ಹೊರಗೆ, ನೆರಳಿನಲ್ಲಿ ಇರಲಿ. ಗ್ಯಾಸ್ ಸಿಲಿಂಡರ್, ಗಾಡಿಯ ಪೆಟ್ರೋಲ್ ಟ್ಯಾಂಕ್ ಹತ್ತಿರ ಬೇಡ.

ದಸರಾ ರಜೆಗೆ ಮುಂಚಿನ ಶನಿವಾರ ಬೆಳಿಗ್ಗೆ ಅಧಿಕೃತ ಮರುಬಳಕೆ ಕೇಂದ್ರದವರು ಅವರದೇ ಗಾಡಿಯಲ್ಲಿ ಶಾಲೆಗೆ ಬರುತ್ತಾರೆ. ಆಟದ ಮೈದಾನದ ಗೇಟಿನ ಬಳಿ ಕೊಡಬಹುದು. ತರುವುದು ನೀವೇ, ಮಕ್ಕಳಲ್ಲ. ಶಾಲಾ ಬ್ಯಾಗಿನಲ್ಲಿ, ಶಾಲಾ ಬಸ್ಸಿನಲ್ಲಿ ಒಂದು ಬ್ಯಾಟರಿಯೂ ಬರಕೂಡದು. ಕಂಪಾಸ್ ಬಾಕ್ಸಿನ ಮೊನೆ, ಟಿಫಿನ್ ಡಬ್ಬಿಯ ಸ್ಟೀಲು, ಮೇಲೊಬ್ಬರು ಕೂತರೆ ಆ ಭಾರ, ಇಷ್ಟು ಸಾಕು. ತುಂಬಾ ಊದಿದ್ದು, ಹರಿದದ್ದು, ಸಿಹಿಯಾದ ಪೇಂಟಿನಂಥ ವಾಸನೆ ಬರುತ್ತಿರುವುದು ಇದ್ದರೆ ಅದನ್ನು ತರಲೂ ಬೇಡಿ. ಶಾಲೆಯ ಆಫೀಸಿಗೆ ಫೋನ್ ಮಾಡಿ, ಏನು ಮಾಡುವುದೆಂದು ಮರುಬಳಕೆ ಕೇಂದ್ರದವರನ್ನೇ ಕೇಳಿ ಹೇಳುತ್ತೇವೆ.

ಆ ಶನಿವಾರ ಆಗದವರಿಗೂ ದಾರಿ ಇದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿದವರದು, ಆಮದು ಮಾಡಿದವರದು. ಬೇರೆ ಕಸದ ಜೊತೆ ಬೆರೆಸದೆ ಕೊಡುವ ಹೊಣೆ ನಮ್ಮದು. ಬ್ಯಾಟರಿಯ ಮೇಲೆ ಚಕ್ರದ ಕಸದ ಬುಟ್ಟಿಗೆ ಅಡ್ಡಗೆರೆ ಹಾಕಿದ ಚಿತ್ರ ಇರುತ್ತದೆ, ಅದರ ಅರ್ಥ ಇದೇ. ಕೊಂಡ ಅಂಗಡಿಯಲ್ಲಿ ಒಮ್ಮೆ ಕೇಳಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದವರು ಮುಂದಿನ ಸಲ ಹೋದಾಗ ವಿಚಾರಿಸಿ. ಅಧಿಕೃತ ಮರುಬಳಕೆದಾರರು ಯಾರು ಎಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳಬಹುದು.

ಒಂದು ವೇಳೆ ಬೆಂಕಿ ಹತ್ತಿದರೆ ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಚಾರ್ಜ್‌ನಲ್ಲಿದ್ದರೆ, ಕೈಗೆ ಸಿಗುವಂತಿದ್ದರೆ ಸ್ವಿಚ್ ಆಫ್ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರುತ್ತದೆ, ಉಸಿರಾಡಬಾರದು. ಚಿಕ್ಕ ಬ್ಯಾಟರಿಯಾದರೆ ದೂರದಿಂದ ಮರಳು ಸುರಿಯಬಹುದು, ಇಲ್ಲವೇ ಧಾರಾಳವಾಗಿ ನೀರು ಸುರಿಯಬಹುದು. ಮಕ್ಕಳಿಗೆ ಇದನ್ನು ಹೇಳುವಾಗ ಹತ್ತನೇ ತರಗತಿಯ ಒಬ್ಬಳು ನೀರಿನ ಮಾತಿಗೆ ನನ್ನನ್ನು ತಡೆದಳು. "ಮಿಸ್, ಸೋಡಿಯಂ ನೀರಿಗೆ ಹಾಕಿದರೆ ಉರಿಯುತ್ತೆ, ಲಿಥಿಯಂ ಕೂಡ ಅದೇ ಗುಂಪು ಅಲ್ವಾ?" ಒಳ್ಳೆ ಪ್ರಶ್ನೆ. ಆದರೆ ಚಾರ್ಜ್ ಆಗುವ ಈ ಬ್ಯಾಟರಿಗಳಲ್ಲಿ ಲಿಥಿಯಂ ಸಾಮಾನ್ಯವಾಗಿ ಲೋಹದ ಗಟ್ಟಿಯಾಗಿ ಇರುವುದಿಲ್ಲ, ಅಯಾನುಗಳಾಗಿ ಇರುತ್ತದೆ. ಆರಿದ ಹಾಗೆ ಕಂಡ ಬ್ಯಾಟರಿ ಮತ್ತೆ ಹೊತ್ತಿಕೊಳ್ಳಬಹುದು, ಅದನ್ನು ತಣ್ಣಗೆ ಮಾಡಲು ನೀರು ಬೇಕು. ಬೆಂಕಿ ದೊಡ್ಡದಾದರೆ ಧೈರ್ಯ ತೋರಿಸಲು ಹೋಗಬೇಡಿ. ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಬೀರುವಿನಲ್ಲಿ ಸಿಕ್ಕ ಬ್ಯಾಟರಿ ಈಗ ಬಾವಿಯ ಪಕ್ಕದ ಮರಳಿನ ಮಡಕೆಯಲ್ಲಿದೆ. ಮಕ್ಕಳು ಅದಕ್ಕೆ ಪೂರಿ ಎಂದೇ ಹೆಸರಿಟ್ಟಿದ್ದಾರೆ. ದಿನಾ ಬೆಳಿಗ್ಗೆ ದೂರದಿಂದ ನೋಡಿ ಬರುವುದು ಆಯಾ ಅವರ ಕೆಲಸ, ಅವರೇ ಕೇಳಿ ವಹಿಸಿಕೊಂಡದ್ದು.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಪೂಜೆಗೆ ಡ್ರೋನ್ ಇಡುವ ಮಕ್ಕಳು ಬ್ಯಾಟರಿ ಬಿಚ್ಚಿ ಬೇರೆ ಕಡೆ ಇಟ್ಟಿರಲಿ. ನೆನೆಸಿದ ಅರಿಶಿನ ಕುಂಕುಮವನ್ನು ಡ್ರೋನಿನ ಮೈಗೆ ಹಚ್ಚಿದರೆ ಸಾಕು, ಪ್ಲಗ್ಗಿನ ತುದಿಗೆ ಬೇಡ.